ಬ್ಯಾಟರಿಗೆ ನೀರು ಹಾಕುವವರು ಯಾರು?

ನನ್ನ ದೊಡ್ಡಾಯಿಯನ್ನು ಯಾವ ಶುಭಕಾರ್ಯಕ್ಕೂ ಕರೆಯಬೇಡಿ ಎಂದು ಬಂಧುಬಳಗಕ್ಕೆಲ್ಲ ಹೇಳಿಟ್ಟಿದ್ದೇನೆ. ಕೆಟ್ಟವಳೆಂದಲ್ಲ! ನನ್ನ ಆಯಿಯ, ಅಂದರೆ ಅಮ್ಮನ, ಅಕ್ಕ; ಎಪ್ಪತ್ತು ದಾಟಿದವಳು, ಯಾರಿಗೂ ಕೆಟ್ಟ ಮಾತು ಆಡಿದವಳಲ್ಲ. ಆದರೆ ಮದುವೆಗೆ ಬಂದರೆ ವಧೂವರರ ಕಡೆ ನೋಡುವುದೇ ಇಲ್ಲ. ಸೀದಾ ಜನರೇಟರ್ ಇಟ್ಟಲ್ಲಿಗೆ ಹೋಗುತ್ತಾಳೆ. ಮಂಚಿಕೇರಿಯ ಮದುವೆಯೊಂದರಲ್ಲಿ ಹೀಗೇ ಆಯಿತು. "ಡೀಸೆಲ್ ಎಷ್ಟಿದೆ? ಇದು ಕೆಟ್ಟರೆ ಯಾರು ಬರ್ತಾರೆ? ಅವರೂ ಬರದಿದ್ದರೆ?" ಎಂದು ಅವಳು ಕೇಳಿದ ರಭಸಕ್ಕೆ ಜನರೇಟರಿನವನು ತಬ್ಬಿಬ್ಬಾಗಿ, ಓಡುತ್ತಿದ್ದ ಯಂತ್ರವನ್ನೇ ನಿಲ್ಲಿಸಿಬಿಟ್ಟ. ಧಾರೆಯ ಹೊತ್ತಿಗೆ ಮೈಕು, ದೀಪ, ಫ್ಯಾನು ಎಲ್ಲ ಬಂದ್! ಎಲ್ಲರೂ ಗಾಬರಿಯಾದರೆ ದೊಡ್ಡಾಯಿಗೆ ಮಾತ್ರ ಸಮಾಧಾನ. "ನೋಡು, ಆನು ಹೇಳಿದ್ನಿಲ್ಯಾ?"

ಅವಳ ತಪ್ಪೇನೂ ಇಲ್ಲ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಯಲ್ಲಾಪುರದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಲೋಕವನ್ನು ನಡೆಸುವುದು ದೇವರು ಎಂದು ನಾವೆಲ್ಲ ನಂಬಿದ್ದರೆ, ಅವಳು ಎಕ್ಸ್‌ಚೇಂಜಿಗೆ ಕರೆಂಟು ಕೊಡುವ ಬ್ಯಾಟರಿ ರೂಮು ಎಂದು ನಂಬಿದ್ದಾಳೆ.

ಇಂಥವಳ ಎದುರು ಹೋದ ವರ್ಷ ನಾನು ಬಾಯಿತಪ್ಪಿ "ಕ್ರಿಪ್ಟೋ ಎಕ್ಸ್‌ಚೇಂಜ್" ಎಂದುಬಿಟ್ಟೆ.

ಶಿರಸಿಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಆ ಕಂಪನಿಯವರು ತಮ್ಮ ಕರಪತ್ರದ ಪ್ರತಿ ತೆಗೆಸಲು ಬಂದಿದ್ದರು. ಡಿಜಿಟಲ್ ನಾಣ್ಯ ಮಾರುವ, ಕೊಳ್ಳುವ ಎಕ್ಸ್‌ಚೇಂಜು. ಅದರ ಯಂತ್ರಗಳೆಲ್ಲ ನಮ್ಮ ಜಿಲ್ಲೆಯಲ್ಲೇ, ಯಲ್ಲಾಪುರದ ಹತ್ತಿರ. ಮೊಮ್ಮಕ್ಕಳ ಕಾಲಕ್ಕೂ ನಿಲ್ಲುವ ಯೋಜನೆ ಎಂದು ಅದರಲ್ಲಿತ್ತು. ಒಂದೇ ಮಾತನ್ನು ಐನೂರು ಸಲ ಅಚ್ಚು ಹಾಕಿದರೆ ಯಾರು ನಂಬುವುದಿಲ್ಲ, ಹೇಳಿ? ನಾನು ನಂಬಿದೆ. ಹೆಂಡತಿ ಹೊಲಿಗೆಯಿಂದ ಕೂಡಿಟ್ಟದ್ದನ್ನೂ ಸೇರಿಸಿ ಅದಕ್ಕೆ ಹಾಕಿದೆ. ಅವಳಿಗೆ ಹೇಳಲಿಲ್ಲ. ಎರಡರಷ್ಟಾದ ಮೇಲೆ ಹೇಳಿ ಬೆರಗುಗೊಳಿಸುವ ಆಸೆ!

ದೊಡ್ಡಾಯಿ ಕುರ್ಚಿಯಿಂದ ಎದ್ದೇ ಬಿಟ್ಟಳು. "ಎಕ್ಸ್‌ಚೇಂಜಾ! ಎಲ್ಲಿದ್ದು? ಬ್ಯಾಟರಿಗೆ ನೀರು ಹಾಕುವವು ಯಾರು?"

"ಇದು ಫೋನಿಂದಲ್ಲ ದೊಡ್ಡಾಯಿ. ಕಣ್ಣಿಗೆ ಕಾಣದ್ದ ದುಡ್ಡಿಂದು."

"ಮಾತೂ ಕಣ್ಣಿಗೆ ಕಾಣ್ತಿತ್ತಿಲ್ಲೆ ತಮಾ. ಅದ ದಾಟ್ಸಲೆ ಎಷ್ಟು ಜನ ಬೇಕಾಗಿತ್ತು ಗೊತ್ತಿದ್ದಾ?"

ನಾನು ನಕ್ಕುಬಿಟ್ಟೆ. ಆ ನಗು ಹೆಚ್ಚು ದಿನ ಉಳಿಯಲಿಲ್ಲ. ದುಡ್ಡು ವಾಪಸು ಕೇಳಿದವರಿಗೆ ಬರುತ್ತಿಲ್ಲ ಎಂಬ ಸುದ್ದಿ ಅಂಗಡಿಗೇ ಬಂತು. ಅವತ್ತೇ ನನ್ನದನ್ನು ಹಿಂತೆಗೆಯಲು ಅರ್ಜಿ ಹಾಕಿದೆ. ಮೊಬೈಲಿನಲ್ಲಿ ಮೂಡಿದ್ದು ಒಂದೇ ಸಾಲು: "ನಿಮ್ಮ ಅರ್ಜಿ ಸರದಿಯಲ್ಲಿದೆ." ಒಂದು ವಾರವಾದರೂ ಸರದಿ ಮುಂದೆ ಹೋಗಲಿಲ್ಲ. ಹೊಲಿಗೆ ಯಂತ್ರದ ಸದ್ದು ಕೇಳಿದರೆ ಮನೆ ಬಿಟ್ಟು ಅಂಗಡಿಗೆ ಓಡುತ್ತಿದ್ದೆ. ಕೊನೆಗೆ ಯಂತ್ರಗಳಿರುವ ಕಟ್ಟಡವನ್ನೇ ನೋಡೋಣವೆಂದು ಬೆಳಗಿನ ಬಸ್ಸು ಹತ್ತಿ ಯಲ್ಲಾಪುರಕ್ಕೆ ಹೋದೆ. ಬಸ್ಟ್ಯಾಂಡಿನಲ್ಲಿ ಯಾರು ಸಿಗಬೇಕು? ದೊಡ್ಡಾಯಿ!

ಎಕ್ಸ್‌ಚೇಂಜ್ ನೋಡಲು ಬಂದೆನೆಂದು ಹೇಳಿದ್ದೇ ತಡ, "ಆನೂ ಬತ್ತೆ" ಎಂದವಳು ನನಗಿಂತ ಮೊದಲು ರಿಕ್ಷಾ ಹತ್ತಿ ಕುಳಿತಳು.

ಮಾಗೋಡಿನ ದಾರಿಯಲ್ಲಿ ಒಂದು ತಗಡಿನ ಶೆಡ್ಡು. ಬಾಗಿಲು ಮುಚ್ಚದಂತೆ ಸ್ಟೂಲು ಅಡ್ಡ ಇಟ್ಟಿತ್ತು. ಒಳಗೆ ಹಾವೇರಿ ಕಡೆಯ ಟೆಕ್ನಿಷಿಯನ್ ಒಬ್ಬರು, ನನ್ನದೇ ವಯಸ್ಸಿನವರು, ಬನಿಯನ್ನಿನಲ್ಲಿ ಬೆವರುತ್ತ ಕುಳಿತಿದ್ದರು.

"ಬರ್ರಿ ಅಮ್ಮಾರ, ಒಳಗ ಬರ್ರಿ."

ಮೋಸದ ಕಂಪನಿಯಾದರೆ ಬರೀ ಬೀಗ ಇರಬೇಕಿತ್ತಲ್ಲವೇ? ಇಲ್ಲಿ ಯಂತ್ರಗಳು ನಿಜವಾಗಿಯೂ ಇದ್ದವು. ಸಾಲಾಗಿ, ದೀಪ ಮಿನುಗಿಸುತ್ತ! ನನಗೆ ಹೋದ ಜೀವ ಬಂತು. ದೊಡ್ಡಾಯಿ ಮಾತ್ರ ಯಂತ್ರಗಳತ್ತ ತಿರುಗಿಯೂ ನೋಡದೆ ವಿಚಾರಣೆ ಶುರುಮಾಡಿದಳು.

"ಡ್ಯೂಟಿಗೆ ಎಷ್ಟು ಜನ ಇದ್ದೀರಿ?"

"ನಾ ಒಬ್ನ ರೀ."

"ನಿಮಗೆ ಜ್ವರ ಬಂದರೆ?"

"ಎಕ್ಸ್‌ಚೇಂಜಿಗೂ ಜ್ವರ ಬರ್ತೈತ್ರಿ."

"ಜನರೇಟರ್?"

"ಐತ್ರಿ. ಡೀಸೆಲ್ ಇಲ್ಲ."

"ಡೀಸೆಲ್‌ಗೆ ದುಡ್ಡು ಎಲ್ಲಿಂದ ಬರ್ತದೆ?"

"ಹೊಸಬ್ರು ಸೇರಿದ್ರ ಬರ್ತೈತ್ರಿ."

"ಹೊಸಬರು ಸೇರದೇ ಇದ್ದರೆ?"

ಅವರು ಫ್ಯಾನಿನ ಕಡೆ ನೋಡಿದರು. ಅದೂ ತಿರುಗುತ್ತಿರಲಿಲ್ಲ. ಒಂದು ವಾರದಿಂದ ಕರೆಂಟು ಬಂದು ಹೋಗಿ ಮಾಡುತ್ತಿದ್ದು, ಅವತ್ತು ಬೆಳಗಿನಿಂದ ಇಲ್ಲವೇ ಇಲ್ಲವಂತೆ. ಮೂಲೆಯ ಬ್ಯಾಟರಿ ಪೆಟ್ಟಿಗೆ ಕೀಂ ಕೀಂ ಎನ್ನುತ್ತಿತ್ತು. ಇನ್ನರ್ಧ ಗಂಟೆಗೆ ಅದೂ ಮುಗಿಯುತ್ತದಂತೆ. ದುಡ್ಡು ವಾಪಸು ಕೇಳಿದವರ ಅರ್ಜಿಯನ್ನು ಇವರೇ ಒಂದೊಂದಾಗಿ ತಾಳೆ ನೋಡಿ ಮುಂದೆ ಕಳಿಸಬೇಕು. ಬ್ಯಾಟರಿ ಉಳಿಸಲು ಆ ವಾರವಿಡೀ ಅದನ್ನೂ ನಿಲ್ಲಿಸಿದ್ದರು. ಅವರಿಗೇ ಮೂರು ತಿಂಗಳಿಂದ ಸಂಬಳವಿಲ್ಲ.

ದೊಡ್ಡಾಯಿ ನನ್ನ ಮುಖ ನೋಡಿದಳು. "ಎಂತಕ್ಕೆ ಇಷ್ಟು ಬೆವರ್ತಾ ಇದ್ದೆ? ನಿಂದೂ ಇದ್ದಾ ಇದ್ರಲ್ಲಿ?"

"ಇದ್ದು."

"ಹೆಂಡ್ತಿಗೆ ಗೊತ್ತಿದ್ದಾ?"

"ಇಲ್ಲೆ."

ಅವಳು ಬೈಯಲಿಲ್ಲ. "ಓಡು, ಡೀಸೆಲ್ ತಗಂಬಾ" ಎಂದಳು. ರಿಕ್ಷಾದಲ್ಲಿ ಪೇಟೆಗೆ ಓಡಿ ಕ್ಯಾನ್ ತುಂಬಿಸಿಕೊಂಡು ಬರುವಷ್ಟರಲ್ಲಿ ನನ್ನ ಅಂಗಿಯೆಲ್ಲ ಡೀಸೆಲ್‌ಮಯ. ಜನರೇಟರ್ ನಾಲ್ಕು ಸಲ ಕೆಮ್ಮಿ ಐದನೆಯದಕ್ಕೆ ಹೊತ್ತಿಕೊಂಡಿತು. ಟೆಕ್ನಿಷಿಯನ್ ಪರದೆಯ ಎದುರು ಕುಳಿತರು. ಸರದಿಯಲ್ಲಿ ನಾನು ನಲವತ್ತೊಂದನೆಯವನು.

ಅವರ ಕಿವಿಯ ಹತ್ತಿರ ಬಗ್ಗಿ, "ನನ್ನದನ್ನು ಮೊದಲು ಮಾಡಿಬಿಡಿ" ಎಂದೆ.

"ಆಗ್ಲಿ ತಗೋರಿ. ಡೀಸೆಲ್ ತಂದವ್ರು ನೀವ. ಒಂದ ಬಟನ್ನು."

ಆ ಬೆರಳು ಗುಂಡಿಗೆ ತಾಗುವ ಮೊದಲೇ ದೊಡ್ಡಾಯಿಯ ಕೈ ಅಡ್ಡ ಬಂತು. "ಸರದಿ ತಪ್ಪಿಸಬೇಡಿ."

"ದೊಡ್ಡಾಯಿ, ಇದು ಸರದಿಲಿ ಕಾಯೋ ಟ್ರಂಕ್ ಕಾಲಲ್ಲ! ಎನ್ನ ಸಂಸಾರ ಮುಳುಗ್ತು!"

"ಮುಂದಿದ್ದ ನಲವತ್ತು ಜನಕ್ಕೆ ಸಂಸಾರ ಇಲ್ಯಾ? ಕಾದು ನಿಂತವರದ್ದೆಲ್ಲ ಅರ್ಜೆಂಟೇ ಆಗಿರ್ತು ತಮಾ."

ಅವಳು ಕುರ್ಚಿಯನ್ನು ಟೆಕ್ನಿಷಿಯನ್ ಪಕ್ಕಕ್ಕೆ ಎಳೆದುಕೊಂಡು ಕುಳಿತಳು. ಮೊದಲನೆಯ ಅರ್ಜಿ ಸಿದ್ದಾಪುರದವರದ್ದು. ಹೋಯಿತು. ಎರಡನೆಯದು ದೊಡ್ಮನೆ ಎಂಬ ಊರಿನವರದ್ದು. ಅದೂ ಹೋಯಿತು. ಹತ್ತು. ಇಪ್ಪತ್ತು. ನಾನು ಬಾಗಿಲಲ್ಲಿ ನಿಂತು ಉಗುರು ಕಚ್ಚುತ್ತಿದ್ದೆ. ಇಪ್ಪತ್ತೇಳನೆಯವರ ಗುರುತು ತಾಳೆಯಾಗದೆ ಹತ್ತು ನಿಮಿಷ ಹಾಳು. ಯಾರೋ ಏನೋ, ಅವರ ಮೇಲೆ ನನಗೆ ಹುಟ್ಟಿದ ದ್ವೇಷ ಏಳು ಜನ್ಮಕ್ಕಾಗುವಷ್ಟು! ಮೂವತ್ತೈದು. ಮೂವತ್ತಾರು. ಮೂವತ್ತೇಳು.

ಪರದೆ ಒಮ್ಮೆಲೇ ಬೆಳ್ಳಗಾಯಿತು. "ನಿರ್ವಹಣೆಗಾಗಿ ಸ್ಥಗಿತಗೊಳಿಸಲಾಗಿದೆ" ಎಂಬ ಅಕ್ಷರಗಳು ಮೂಡಿದವು. ಬೇರೆ ಊರಲ್ಲಿದ್ದ ಕೇಂದ್ರ ಕಚೇರಿಯವರು ಅಲ್ಲಿಂದಲೇ ಬಾಗಿಲು ಹಾಕಿದ್ದರು. ಟೆಕ್ನಿಷಿಯನ್ ಮತ್ತೆ ಮತ್ತೆ ಫೋನು ಮಾಡಿದರು. ಯಾರೂ ಎತ್ತಲಿಲ್ಲ. ನನ್ನ ಡೀಸೆಲ್ ಮಾತ್ರ ಇನ್ನೂ ಎರಡು ಗಂಟೆ ಓಡುವಷ್ಟಿತ್ತು! ಆ ಬಾಗಿಲು ಇಂದಿಗೂ ತೆರೆದಿಲ್ಲ.

ಶಿರಸಿಯ ಬಸ್ಸಿಗೆ ದೊಡ್ಡಾಯಿಯೂ ಹತ್ತಿದಳು. ನಾನು ಮುನಿಸಿನಿಂದ ಹಿಂದಿನ ಸೀಟಿಗೆ ಹೋಗಿ ಕುಳಿತೆ. ಮನೆ ಮುಟ್ಟಿದಾಗ ಸಂಜೆ. ಜಗಲಿಯಲ್ಲಿ ನಿಂತೇ ಹೆಂಡತಿಗೆ ಎಲ್ಲ ಹೇಳಿದೆ. ಅವಳು ಸೀದಾ ಒಳಗೆ ಹೋದಳು. ಹೊಲಿಗೆ ಯಂತ್ರ ಎಂದೂ ಇಲ್ಲದ ವೇಗದಲ್ಲಿ ಓಡತೊಡಗಿತು.

ನನಗೆ ತಡೆಯಲಾಗಲಿಲ್ಲ. "ಒಂದು ಗುಂಡಿ ದೊಡ್ಡಾಯಿ! ಒಂದೇ ಗುಂಡಿ! ಜನ್ಮದಲ್ಲಿ ಒಂದು ಸಲನೂ ನೀನು ಸರದಿ ತಪ್ಸಿದ್ದಿಲ್ಯಾ?"

"ತಪ್ಸಿದ್ದೆ" ಎಂದಳು ದೊಡ್ಡಾಯಿ.

ನಾನು ಅವಳತ್ತ ತಿರುಗಿದೆ.

"ಒಂದೇ ಸಲ. ನಿನ್ನ ಆಯಿ ಹುಬ್ಬಳ್ಳಿ ಆಸ್ಪತ್ರೆಲಿತ್ತು. ಕಷ್ಟದ ಹೆರಿಗೆ. ಬೆಳಗಿಂದ ಸುದ್ದಿ ಇಲ್ಲೆ. ಇದ್ದದ್ದು ಒಂದೇ ಲೈನು. ಎನ್ನ ಎದುರಿಗೆ ಬೆಂಚಿನ ಮೇಲೆ ಒಂದು ಹೆಂಗಸು ಕಾಯ್ತಾ ಕೂತಿತ್ತು. ಅದ್ರ ಅಪ್ಪಂಗೆ ಹುಷಾರಿತ್ತಿಲ್ಲೆ. ಆನು ಆ ಹೆಂಗಸಿನ ಸರದಿ ಬಿಟ್ಟು ಹುಬ್ಬಳ್ಳಿಗೆ ಲೈನು ಹಾಕ್ದೆ. ಎನ್ನ ಮಾತು ಮುಗಿಯಕ್ಕೂ ಲೈನು ಹೋಪಕ್ಕೂ ಸರಿ ಆತು. ಮತ್ತೆ ಬಂದದ್ದು ಮರುದಿನ. ಅಷ್ಟೊತ್ತಿಗೆ ಅದ್ರ ಅಪ್ಪ ಇದ್ದಿದ್ನಿಲ್ಲೆ."

ಅವಳು ಸೆರಗಿನಿಂದ ಕನ್ನಡಕ ಒರೆಸಿಕೊಂಡಳು.

"ಆ ಬದಿಂದ ನರ್ಸು ಆಗಷ್ಟೇ ಹುಟ್ಟಿದ ನಿನ್ನನ್ನ ಎತ್ತಿ ಫೋನಿನ ಹತ್ರ ಹಿಡಿದಿತ್ತು. ನಿನ್ನ ಕೂಗು ಕೇಳಿದೆ. ಮಾಡಿದ್ದು ತಪ್ಪೇ ಹೌದು. ಆದ್ರೆ ಆ ಕೂಗು ಕೇಳದೇ ಇದ್ರಾಗಿತ್ತು ಹೇಳಿ ಇವತ್ತಿನವರೆಗೂ ಅನಿಸಿದ್ದಿಲ್ಲೆ ತಮಾ."

ಒಳಗೆ ಹೊಲಿಗೆ ಯಂತ್ರ ನಿಂತಿತು. ಹೆಂಡತಿ ಬಾಗಿಲಿಗೆ ಬಂದಳು. ಕಣ್ಣು ಕೆಂಪಗಿತ್ತು. ನನ್ನ ಕಡೆ ನೋಡದೆ ದೊಡ್ಡಾಯಿಯನ್ನೇ ಕೇಳಿದಳು:

"ಫೋನಲ್ಲಿ ಕೇಳುವಷ್ಟು ಜೋರಾಗಿ ಇವರು ಕೂಗ್ತಾ ಇದ್ದಿದ್ರಾ?"

"ಅಯ್ಯೋ ತಂಗಿ," ಎಂದಳು ದೊಡ್ಡಾಯಿ, "ಲೈನು ಇಲ್ಲದೇ ಇದ್ರೂ ಯಲ್ಲಾಪುರಕ್ಕೆ ಕೇಳ್ತಿತ್ತು!"