ನಲ್ಲಪ್ಪನ ಮೀಸೆಗೆ ಎರಡು ಸೂಜಿ

ಮೂವತ್ತು ತುಂಬಿದರೂ ಶಿಡ್ಲಘಟ್ಟದ ನಲ್ಲಪ್ಪನಿಗೆ ಮೀಸೆ ಬಂದಿರಲಿಲ್ಲ. ನೋಡಿದ್ದ ಮೂರು ಹುಡುಗಿಯರ ಕಡೆಯವರೂ ಇದೊಂದೇ ಕಾರಣಕ್ಕೆ ಬೇಡವೆಂದಿದ್ದರು. ಅರವತ್ತೊಂಬತ್ತನೇ ಇಸವಿಯ ಆ ಸೋಮವಾರ ಮಧ್ಯಾಹ್ನ ಮೇಲೂರಿನಲ್ಲಿ ನಾಲ್ಕನೆಯ ಹುಡುಗಿ. ಇದೂ ತಪ್ಪಿದರೆ ಗತಿಯೇನೆಂದು ಹೆದರಿ ಬೆಳಿಗ್ಗೆಯೇ ಡಾಕ್ಟರ ಹತ್ತಿರ ಓಡಿದ. ಬೇಡವೆಂದರೂ ಸೋದರತ್ತೆ ಗಂಗುಲಮ್ಮ ಹಿಂದೆಯೇ ಬಂದಳು.

ಹಿಂದಿನ ಸಲ ಬಂದಾಗ ಕೊಟ್ಟಿದ್ದ ಮೂತ್ರದ ರಿಪೋರ್ಟು ಬೆಂಗಳೂರಿನಿಂದ ಬಂದಿತ್ತು. ಡಾಕ್ಟರು ಅದನ್ನು ನೋಡಿದರು.

"ಗಂಡಸರ ಹಾರ್ಮೋನು ಕಡಿಮೆ ಇದೆ ಕಣಯ್ಯ. ಅದನ್ನ ಹಿಡ್ಕೊಳ್ಳೋಕೆ ಮೈಯೊಳಗೆ ಸಣ್ಣ ಸಣ್ಣ ಕೈಗಳಿವೆ ಅಂತಿಟ್ಕೊ. ಸಿಗೋದು ಕಡಿಮೆಯಾದ್ರೆ ಕೆಲವು ಕಡೆ ಆ ಕೈಗಳು ಜಾಸ್ತಿಯಾಗ್ತವಂತೆ. ಈಗೊಂದು ಇಂಜೆಕ್ಷನ್ ಹಾಕ್ತೀನಿ, ತಾಳ್ಮೆಯಿಂದಿರು."

ರೇಷ್ಮೆ ಹುಳು ಸಾಕಿಯೇ ತಲೆ ನರೆತಿದ್ದ ಗಂಗುಲಮ್ಮನಿಗೆ ಸಮಾಧಾನವಾಗಲಿಲ್ಲ. ಡಾಕ್ಟರು ಸೂಜಿ ಚುಚ್ಚಿ ಒಳಗೆ ಹೋದದ್ದೇ ತಡ, ಕಂಪೌಂಡರ್ ಕೋನಪ್ಪನನ್ನು ಹಿಡಿದಳು.

"ಅಯ್ಯೋ ದೇವುಡಾ, ಒಂದು ಸಾಕೇನೋ? ಪೊರೆ ಬಿಟ್ಟು ಹಸಿದೆದ್ದ ಹುಳುಗೆ ಒಂದ್ಸಲ ಸೊಪ್ಪು ಹಾಕಿ ಸುಮ್ನಿರ್ತಾರಾ? ಅಷ್ಟೊಂದು ಕೈ ಹಸ್ಕೊಂಡು ಕೂತವೆ! ನಿನ್ನ ಮದುವೆ ಮಾಡ್ಸಿದೋಳು ನಾನು, ಇನ್ನೊಂದು ಹಾಕೋ!"

ಕೋನಪ್ಪ ಗೊಣಗುತ್ತಲೇ ಇನ್ನೊಂದು ಪಕ್ಕಕ್ಕೂ ಚುಚ್ಚಿದ. ಎಣ್ಣೆಯಂಥ ಔಷಧಿ, ಹಿಂಭಾಗ ಎರಡೂ ಕಡೆ ಕಲ್ಲುಗಟ್ಟಿತು. ಮೇಲೂರಿನವರೆಗೆ ನಲ್ಲಪ್ಪ ಬಸ್ಸಿನಲ್ಲಿ ನಿಂತೇ ಹೋದ.

ಹುಡುಗಿಯ ಅಪ್ಪ ವೆಂಕಟರವಣಪ್ಪ ಪೊದೆ ಮೀಸೆಯ ಮನುಷ್ಯ. "ಕೂತ್ಕೊಳಪ್ಪ" ಎಂದ.

"ಪರವಾಗಿಲ್ಲ, ನಿಂತಿರ್ತೀನಿ."

"ನೋಡಿದ್ರಾ, ದೊಡ್ಡೋರ ಮುಂದೆ ಕೂರಲ್ಲ ಅಂತಾನೆ. ಇಂಥ ಹುಡುಗ ಈ ಕಾಲದಲ್ಲಿ ಎಲ್ಲಿ ಸಿಗ್ತಾನೆ!" ಎಂದು ವೆಂಕಟರವಣಪ್ಪ ಹಿಗ್ಗಿದ. ನಲ್ಲಪ್ಪ ಉಪ್ಪಿಟ್ಟನ್ನೂ ನಿಂತೇ ತಿಂದ. ಗಂಗುಲಮ್ಮ ಹೆಂಗಸರ ಜೊತೆ ಅಡುಗೆಮನೆ ಸೇರಿದಳು.

"ಏನಾದ್ರೂ ಕೇಳೋದಿದ್ರೆ ಕೇಳಮ್ಮ" ಎಂದ ಅಪ್ಪ.

ಹುಡುಗಿ ಶ್ಯಾಮಲಮ್ಮ ತಲೆಯೆತ್ತಿದಳು. "ಈ ಮನೇಲಿ ಎಲ್ಲಾರ್ಗೂ ಮೀಸೆ. ಅದನ್ನ ತಿರುವ್ಕೊಂಡು ಗದರೋದೇ ಕೆಲಸ. ನಂಗೆ ಸಾಕಾಗಿದೆ. ನಿಮ್ಮ ಫೋಟೋದಲ್ಲಿ ಮೀಸೆ ಇಲ್ದಿರೋದು ನೋಡೇ ಒಪ್ಕೊಂಡೆ."

ನಲ್ಲಪ್ಪನಿಗೆ ಸಂತೋಷದಿಂದ ಕಣ್ಣೇ ತುಂಬಿತು. ಮೈಮರೆತು ದಡಕ್ಕನೆ ಕೂತ. "ಅಯ್ಯಯ್ಯಮ್ಮಾ!" ಎಂದು ಅಷ್ಟೇ ಬೇಗ ಎಗರಿದ.

ಕೂಗು ಕೇಳಿ ಗಂಗುಲಮ್ಮ ಓಡಿ ಬಂದಳು. ಗಾಬರಿಯಾಗಿದ್ದ ಹುಡುಗಿಯ ಬೆನ್ನು ಸವರಿದಳು.

"ಹೆದರ್ಕೋಬೇಡ ಕಣಮ್ಮ, ಸೂಜಿ ನೋವು ಅಷ್ಟೆ. ಮೀಸೆ ಬರ್ಲಿ ಅಂತ ಹಾಕ್ಸಿದೀವಿ. ಒಂದಲ್ಲ, ಎರಡು! ಮದುವೆ ಹೊತ್ಗೆ ನಿಮ್ಮಪ್ಪನ್ನೇ ಮೀರಿಸ್ತಾನೆ!"

ಶ್ಯಾಮಲಮ್ಮ ಒಳಗೆ ಹೋಗಿ ಫೋಟೋ ತಂದು ನಲ್ಲಪ್ಪನ ಕೈಗಿಟ್ಟಳು.

"ನಾನು ಒಪ್ಪಿದ್ದು ಇವರನ್ನ."

ವಾಪಸು ಬರುವಾಗ ಬಸ್ಸಿನಲ್ಲಿ ಗಂಗುಲಮ್ಮ ಕಿಟಕಿ ಪಕ್ಕ ಕೂತು, ನಿಂತಿದ್ದ ಸೋದರಳಿಯನಿಗೆ ಧೈರ್ಯ ಹೇಳಿದಳು.

"ಬಿಡೋ ಅತ್ಲಾಗೆ. ಐದನೇ ಹುಡುಗಿ ನೋಡೋ ಹೊತ್ಗೆ ಮೀಸೆ ಬಂದಿರ್ತದೆ."