ಭಾರ ಕಂಡರಾಗದ ಯಜಮಾನರು

ನಮ್ಮ ಯಜಮಾನರು ಹೋದ ಮೇಲೂ ಈ ಕಾಟ ತಪ್ಪಿಲ್ಲ. ಅಳೋಣ ಅಂತ ಕೂತರೆ ನಗು ಬರಿಸುವ ಸಂಗತಿಗಳೇ ನೆನಪಾಗುತ್ತವೆ. ನೇರ ರಸ್ತೆಯಲ್ಲಿ ಕಣ್ಣು ಮಿಟುಕಿಸುವುದರೊಳಗೆ ಮುಗಿದುಹೋಗುವ ಡ್ರ್ಯಾಗ್ ರೇಸಿನಲ್ಲಿ ನಮ್ಮ ಕಡೆ ಮೊದಮೊದಲು ಬೈಕ್ ಓಡಿಸಿದವರಲ್ಲಿ ಅವರೂ ಒಬ್ಬರು. ಆಮೇಲೆ ಪೀಣ್ಯದ ಶೆಡ್ಡಿನಲ್ಲಿ ರೇಸ್ ಬೈಕಿಗೆ ಪಿಸ್ಟನ್, ಗೇರು ಮಾಡುತ್ತಿದ್ದರು. ನಾನು ಪ್ಯಾಕ್ ಮಾಡಿ ಕಳಿಸುತ್ತಿದ್ದೆ. ಬೈಕು ಹಗುರವಾದಷ್ಟೂ ಓಟ ಜೋರು, ಹಾಗಾಗಿ ಭಾರ ಅಂದರೆ ಅವರಿಗೆ ಆಗದು. ಏನು ಕಂಡರೂ ತೂತು ಕೊರೆದು ಒಂದು ಗ್ರಾಂ ಆದರೂ ಇಳಿಸಬೇಕು.

ಸೌಟು

ಒಂದು ಭಾನುವಾರ ಸಾರು ಬಡಿಸಲು ಹೋದರೆ ಸೌಟಿನ ಹಿಡಿಯ ತುಂಬ ತೂತು.

"ಏನ್ರೀ ಇದು?" ಅಂದೆ.

"ಹೊಸ ಡ್ರಿಲ್ ಬಿಟ್ ಬಂದಿತ್ತು, ಟ್ರೈ ಮಾಡ್ದೆ. ಕೈಗೆ ಹಗುರ ಆಗಿಲ್ವೇನೇ?"

ಆಗಿತ್ತು. ನನಗೆ ಸಿಟ್ಟು ಬಂದದ್ದೇ ಅದಕ್ಕೆ.

ಗಿರಾಕಿ

ವೈಟ್‌ಫೀಲ್ಡಿನಿಂದ ಒಬ್ಬ ದಢೂತಿ ಇಂಜಿನಿಯರ್ ಬಂದ. "ಸಾರ್, ಬೈಕಿಂದ ಎರಡು ಕೆಜಿ ಇಳಿಸ್ಬೇಕು. ಯಾವ್ ಪಾರ್ಟ್ ಚೇಂಜ್ ಮಾಡ್ಲಿ?"

"ಬೆಳಗ್ಗೆ ಏನ್ ತಿಂದ್ರಿ?"

"ಮಸಾಲೆ ದೋಸೆ, ಎರಡು ವಡೆ, ಕೇಸರಿಬಾತು."

"ಅದನ್ನ ಚೇಂಜ್ ಮಾಡಿ."

ಪುಣ್ಯಾತ್ಮ ನಿಜಕ್ಕೂ ತೆಳ್ಳಗಾಗಿ ಬಂದು, ರೇಸ್ ಗೆದ್ದೆ ಅಂತ ಕಾಲಿಗೆ ಬಿದ್ದು ಹೋದ. ನಟ್ಟು ಬೋಲ್ಟು ಕೂಡ ಕೊಳ್ಳಲಿಲ್ಲ.

ಆಸ್ಪತ್ರೆ

ಆಮೇಲೆ ಅವರಿಗೆ ಹೊಟ್ಟೆಯಲ್ಲಿ ಕ್ಯಾನ್ಸರ್ ಬಂತು. ತೂಕ ಇನ್ನೂ ಇಳಿದರೆ ಮುಂದಿನ ಇಂಜೆಕ್ಷನ್ ಕೊಡಲಾಗದು ಅಂದರು ಡಾಕ್ಟರು. ರಾಗಿ ಗಂಜಿ, ಮೊಟ್ಟೆ, ಏನು ಕೊಟ್ಟರೂ ನಿಲ್ಲುತ್ತಿರಲಿಲ್ಲ. ತೂಕದ ಯಂತ್ರದ ಮುಳ್ಳು ಇಳಿದದ್ದು ಕಂಡಾಗಲೆಲ್ಲ ನಾನು ಹೊರಗೆ ಹೋಗಿ ಅತ್ತು ಬರುತ್ತಿದ್ದೆ.

ಒಂದು ಸಲ ಮುಳ್ಳು ಮೇಲೇರಿತ್ತು. ಕಂಡ ಕಂಡ ದೇವರಿಗೆಲ್ಲ ಕೈಮುಗಿದೆ. ಅಷ್ಟರಲ್ಲಿ ಅವರು ಕೆಳಗಿಳಿಯಲು ಕಾಲೆತ್ತಿದರು, ಪ್ಯಾಂಟು ಜಾರಿ ನೆಲಕ್ಕೆ ಬಿತ್ತು, ಠಣ್ ಅಂತ. ಜೇಬುಗಳಿಂದ ಗೇರುಗಳು, ಪಿಸ್ಟನ್ ಪಿನ್ನುಗಳು ಉರುಳಿ ಮಂಚದಡಿಗೆ ಹೋದವು.

"ಏನ್ ಸಾರ್ ಇದು?" ಅಂದರು ನರ್ಸು.

ಯಜಮಾನರು ನನ್ನನ್ನು ನೋಡಿದರು. "ನೀನು ಹೊರಗೆ ಹೋಗಿ ಅಳ್ತೀಯಲ್ಲ, ಅದಕ್ಕೆ ಕಣೇ."

ನರ್ಸು ನಕ್ಕರು. ನನಗೂ ನಗು ತಡೆಯಲಾಗಲಿಲ್ಲ, ಅಳುವೂ. ಗೇರು, ಪಿನ್ನುಗಳನ್ನೆಲ್ಲ ಆರಿಸಿ ಸೆರಗಿಗೆ ಹಾಕಿಕೊಂಡೆ. "ಬನ್ನಿ ಸಾರ್, ಇನ್ನೊಂದ್ಸಲ ನಿಂತ್ಕೊಳ್ಳಿ" ಅಂದರು ನರ್ಸು.

ಬದುಕೆಲ್ಲ ಗ್ರಾಂ ಗ್ರಾಮಿಗೂ ಜಗಳ ಆಡಿದ ಮನುಷ್ಯ ಪ್ಯಾಂಟು ಹಿಡಿದುಕೊಂಡು ಕೇಳಿದರು:

"ಚಪ್ಪಲಿನಾದ್ರೂ ಇರ್ಲಿ, ಸಿಸ್ಟರ್."