ತೆಪ್ಪದ ಒಂಬತ್ತು ಸಾಲುಗಳು

ಹೊಸ ಬಲೆಯ ನೈಲಾನು, ದೋಣಿಯ ಹಲಗೆಗೆ ಬಳಿದ ಮೀನೆಣ್ಣೆ ಇವೆರಡೂ ಬೆರೆತ ವಾಸನೆ ನೆನಪಾಯಿತೆಂದರೆ ಲತೀಶನಿಗೆ ಆಗಸ್ಟ್ ಬಂತೆಂದೇ ಅರ್ಥ. ಎರಡು ತಿಂಗಳ ಮೀನುಗಾರಿಕೆ ನಿಷೇಧ ಮುಗಿದು ಮನೆಯ ಬೋಟು ಮೊದಲ ಸಲ ಬಂದರಿನ ದಕ್ಕೆಗೆ ಮರಳುವುದನ್ನು ಚಿಕ್ಕಂದಿನಲ್ಲಿ ಅಪ್ಪನ ಹೆಗಲ ಮೇಲೆ ಕೂತು ನೋಡಿದವನು, ಮತ್ತೆ ಒಂದು ವರ್ಷವೂ ತಪ್ಪಿಸಿರಲಿಲ್ಲ. ಆ ಮೊದಲ ಮೀನಿನ ಊಟಕ್ಕೆ ಮನೆಮಂದಿಯೆಲ್ಲ ಒಟ್ಟಿಗೆ ಕೂರಬೇಕು, ಅದು ಅಮ್ಮ ಲಕ್ಷ್ಮಿಯ ಕಟ್ಟಪ್ಪಣೆ.

ಈ ಸಲ ಬೋಟು ಬರುವುದು ಬೆಳಗ್ಗೆ ಹನ್ನೊಂದಕ್ಕೆ. ಬಿಕರ್ನಕಟ್ಟೆಯ ಆಫೀಸಿನಲ್ಲಿ ಒಂಬತ್ತಕ್ಕೇ ಹಾಜರಾದ ಲತೀಶ ರಜೆ ಕೇಳಿದ. ಮ್ಯಾನೇಜರ್ ಶರ್ಮಿಳಾ ಬೇಡ ಎನ್ನಲಿಲ್ಲ.

"ಹೋಗು ಮಾರಾಯ. ನಿನ್ನ ಆ ಬದಲಾವಣೆ ಒಂದನ್ನು ತೆಪ್ಪಕ್ಕೆ ಸೇರಿಸಿ ಹೋಗು."

ತೆಪ್ಪ ಎಂದರೆ ಆ ಕಂಪೆನಿಯ ಜಾವಾ ಫ್ರೇಮ್‌ವರ್ಕು. ಊರಿನ ನಲವತ್ತು ಅಂಗಡಿಗಳ ವೆಬ್‌ಸೈಟುಗಳು ಅದರ ಮೇಲೆ ಕೂತಿವೆ. ಅದನ್ನು ದಿನವೂ ಯಾರಾದರೊಬ್ಬರು ಸುಧಾರಿಸುತ್ತಲೇ ಇರುತ್ತಾರೆ. ಅದು ಮುಳುಗಿದ್ದೂ ಇಲ್ಲ, ದಡ ಸೇರಿದ್ದೂ ಇಲ್ಲ. ಒಂದು ಸಾಲು ಬದಲಾದರೂ ಶರ್ಮಿಳಾ, ರೋಷನ್, ಯಾಹ್ಯಾ ಮೂವರೂ ನೋಡಿ ಒಪ್ಪಬೇಕೆಂಬುದು ಅಲ್ಲಿಯ ನೇಮ.

ಗಿರಾಕಿಯ ಫೋನ್ ನಂಬರಿನಲ್ಲಿ ಹತ್ತು ಅಂಕಿ ಇದೆಯೇ ಎಂದು ಪರೀಕ್ಷಿಸುವ ಒಂಬತ್ತು ಸಾಲಿನ ಹಳೆಯ ಕೋಡನ್ನು ಲತೀಶ ಮೂರು ಸಾಲಿಗೆ ಇಳಿಸಿ, ಅದಕ್ಕೆ ಚಂದದ ಹೊಸ ಹೆಸರನ್ನೂ ಇಟ್ಟಿದ್ದ. ಅರ್ಧ ಗಂಟೆಯ ಕೆಲಸ ಎಂದುಕೊಂಡು ಹೆಲ್ಮೆಟ್ಟನ್ನು ಮಡಿಲಲ್ಲೇ ಇಟ್ಟುಕೊಂಡು ಕೂತ.

ರೋಷನ್ ಬಂಗುಡೆಯ ಮುಳ್ಳು ಬಿಡಿಸುವವನಂತೆ ಆ ಮೂರು ಸಾಲುಗಳನ್ನು ನೋಡಿದ. ಇಷ್ಟು ಒತ್ತಿ ತುಂಬಿಸಿದರೆ ನಾಳೆ ಬರುವ ಹೊಸಬರಿಗೆ ಅರ್ಥವಾಗುವುದು ಹೇಗೆ, ಒಂದೊಂದನ್ನೇ ಬಿಡಿಸಿ ಬರೆ ಎಂದ. ಲತೀಶ ಬಿಡಿಸಿದ. ಏಳು ಸಾಲಾಯಿತು. ಗಂಟೆ ಹನ್ನೊಂದೂ ಆಯಿತು. "ಬೋಟು ಬಂತು, ನೀನೆಲ್ಲಿ?" ಎಂದು ಅಪ್ಪ ವಾಸುವಿನ ಫೋನು ಬಂತು.

ಊಟಕ್ಕಾದರೂ ಮುಟ್ಟಬೇಕೆಂದು ಅವನು ಯಾಹ್ಯಾನ ಮೇಜಿಗೆ ಓಡಿದ. ಯಾಹ್ಯಾನದ್ದು ಬೇರೆಯೇ ರಾಗ.

"ಹೆಸರು ಯಾಕೆ ಬದಲಿಸಿದ್ದು? ನಲವತ್ತು ಅಂಗಡಿಯವರೂ ಹಳೆ ಹೆಸರಲ್ಲೇ ಕರೀತಾರೆ. ನಾಳೆ ನಿನ್ನನ್ನೇ ಬೇರೆ ಹೆಸರಲ್ಲಿ ಕರೆದ್ರೆ ತಿರುಗಿ ನೋಡ್ತೀಯಾ?"

ಹಳೆಯ ಹೆಸರು ಬಂತು. ಬದಲಾದದ್ದನ್ನು ರೋಷನ್ ಮತ್ತೆ ನೋಡಬೇಕಲ್ಲ? ಅವನು ಚಹಾಕ್ಕೆ ಹೋಗಿದ್ದ.

ಒಂದೂವರೆಗೆ ಕೋಡು ಶರ್ಮಿಳಾ ಮುಂದೆ ಬಂತು. ನಂಬರನ್ನೇ ಹಾಕದೆ ಖಾಲಿ ಬಿಟ್ಟರೆ ಏನಾಗುತ್ತದೆ, ಆ ಪರೀಕ್ಷೆ ಎಲ್ಲಿ ಹೋಯಿತು ಎಂದು ಆಕೆ ಕೇಳಿದರು. ನ್ಯಾಯದ ಮಾತೇ. ಎರಡು ಸಾಲು ಸೇರಿತು. ಪಕ್ಕದ ಮೇಜಿನ ಹಲೀಮಾ ಅಷ್ಟರಲ್ಲಿ ಊಟಕ್ಕೆ ಮನೆಗೆ ಹೊರಟಿದ್ದಳು. ಎಲ್ಲ ಕೋಡನ್ನೂ ಕಡೆಗೆ ಪರೀಕ್ಷಿಸುವವಳು ಅವಳೇ. ಅವಳ ತಂದೆ ಕಾಸಿಂ ದಕ್ಕೆಯಲ್ಲಿ ಮೀನಿನ ವ್ಯಾಪಾರಿ. ಹೋಗುವಾಗ ಲತೀಶನ ಒಣಗಿದ ಮುಖವನ್ನು ಒಮ್ಮೆ ನೋಡಿದಳು.

ಅಮ್ಮ ಎರಡು ಸಲ ಫೋನ್ ಮಾಡಿದರು. ಮೂರನೆಯ ಸಲ, "ಮಕ್ಕಳಿಗೆ ಹಸಿವು, ನಾವು ಕೂತೆವು" ಎಂದು ಸಣ್ಣ ದನಿಯಲ್ಲಿ ಹೇಳಿ ಇಟ್ಟರು.

ಮೂರೂವರೆಗೆ ಮೂವರೂ ಒಟ್ಟಾಗಿ ಪರದೆಯ ಮುಂದೆ ನಿಂತರು.

"ಈಗ ನೋಡು, ಎಷ್ಟು ಕ್ಲೀನ್ ಉಂಟು," ಎಂದ ರೋಷನ್. "ಹಿಂದಿನದ್ದು ಯಾರು ಬರೆದದ್ದು ಮಾರಾಯ, ಬುದ್ಧಿ ಇಲ್ಲದವರು."

ಯಾಹ್ಯಾ ಒಪ್ಪಿದ. ಶರ್ಮಿಳಾ ಲತೀಶನ ಬೆನ್ನು ತಟ್ಟಿದರು. ಅವನು ಹೆಲ್ಮೆಟ್ ಹಾಕಿಕೊಂಡೇ ಸೇರಿಸುವ ಗುಂಡಿ ಒತ್ತಿದ. ಕಂಪ್ಯೂಟರು ಒಂದು ಕ್ಷಣ ಯೋಚಿಸಿ ಉತ್ತರ ಕೊಟ್ಟಿತು: ಬದಲಾದ ಸಾಲುಗಳು ಸೊನ್ನೆ, ಸೇರಿಸಲು ಏನೂ ಇಲ್ಲ.

ಎಲ್ಲರೂ ಬಗ್ಗಿ ನೋಡಿದರು. ಒಂಬತ್ತು ಸಾಲು, ಹಳೆಯ ಹೆಸರು. ಹಿಂದಿನದ್ದಕ್ಕೂ ಇದಕ್ಕೂ ಒಂದು ಚುಕ್ಕಿಯೂ ವ್ಯತ್ಯಾಸವಿರಲಿಲ್ಲ. ರೋಷನ್ ಮೆಲ್ಲಗೆ ತನ್ನ ಕುರ್ಚಿ ಹುಡುಕಿಕೊಂಡು ಹೋದ.

ಶರ್ಮಿಳಾ ಗಂಟಲು ಸರಿಮಾಡಿಕೊಂಡರು. "ಹಾಗಾದ್ರೆ ಸೇರಿಸಿದ ಹಾಗೆ ಆಗ್ಲಿಲ್ಲ. ನಾಳೆ ಬೇಗ ಬಾ, ಬೇರೆ ಬದಲಾವಣೆ ಒಂದು ನೋಡುವ."

ಲತೀಶ ಹೆಲ್ಮೆಟ್ಟಿನೊಳಗೇ ಕುಸಿದು ಕೂತ. ಆಗಲೇ ಅವನಿಗೆ ಬಂಗುಡೆ ಪುಳಿಮುಂಚಿ ಸಾರಿನ ಘಮ ಬಡಿದದ್ದು. ಹಸಿವಿಗೆ ಮೂಗೂ ಕೆಟ್ಟಿತೆಂದುಕೊಂಡ.

ಊಟ ಮುಗಿಸಿ ಮರಳಿದ್ದ ಹಲೀಮಾ ಮೇಜಿನಡಿಯಿಂದ ಸ್ಟೀಲಿನ ಬುತ್ತಿಯೊಂದನ್ನು ತೆಗೆದು, ಯಾರಿಗೂ ಕಾಣದಂತೆ ಅವನತ್ತ ಸರಿಸಿದಳು.

"ನಿಮ್ಮ ಬೋಟಿನದ್ದೇ," ಎಂದಳು. "ಹೆಲ್ಮೆಟ್ ತೆಗೆದು ಉಣ್ಣಿ."